ಹಾಡಿನಲ್ಲಿ ಬಿಟ್ಟ ಸಾಲು

ಮಂಗಳವಾರ ಬೆಳಿಗ್ಗೆ, ಹೆಂಗಸರ ಪ್ರಾರ್ಥನೆ ನಡೆಸುವ ಚರ್ಚಿನ ಸೇವಕಿ ಸೌಲಿ ಬಂದು ಏಣಿಯ ಕೆಳಗೆ ನಿಂತು ಕೂಗಿದಾಗ ರುಗುನ್ ಮಗ್ಗಕ್ಕೆ ಕೂತಿದ್ದಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕಾಲು ನೀಡಿ, ನೇಯುವವಳು ತಾನೇ ಹಿಂದಕ್ಕೆ ಬಾಗಿದರೆ ಮಾತ್ರ ನೂಲು ಬಿಗಿಯಾಗುವ ಮಗ್ಗ ಅದು. ಏಳಬೇಕಾದರೆ ಮೊದಲು ಪಟ್ಟಿ ಬಿಚ್ಚಬೇಕು. ರುಗುನ್ ಬಿಚ್ಚಲಿಲ್ಲ.

“ಅಮ್ಮಾ, ಒಳಗಿದೀರಾ?”

“ಇರದೆ ಎಲ್ಲಿಗೆ ಹೋಗ್ಲಿ? ಯಾರು ಸತ್ರು?”

“ಯಾರೂ ಸತ್ತಿಲ್ಲಮ್ಮ.”

“ಮತ್ತೆ ನನ್ನ ಹತ್ರ ಏನು ಕೆಲ್ಸ?”

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸರೋವರದ ನಡುವಿನ ಆ ದ್ವೀಪದಲ್ಲಿ, ಹದಿನಾಲ್ಕು ಮನೆಗಳ ಲುಂಬಾನ್ ಹರಿಯಾರಾಕ್ಕೆ ಯಾರಾದರೂ ರುಗುನಳನ್ನು ಹುಡುಕಿಕೊಂಡು ಬಂದರೆಂದರೆ ಎಲ್ಲೋ ಒಂದು ಹೆಣ ಕಾಯುತ್ತಿದೆ ಎಂದೇ ಅರ್ಥ. ಸತ್ತವರ ತಲೆಯ ಬಳಿ ಕೂತು ಅವರ ಬಾಳನ್ನು ಅಳುತ್ತ ಹಾಡಿ ಹೇಳುವ ಅಂದುಂಗಿನಲ್ಲಿ ಅವಳಿಗೆ ಸಮನಾದವರು ಸುತ್ತಲಿನ ಮೂರು ಊರುಗಳಲ್ಲಿ ಇರಲಿಲ್ಲ. ಅಂದುಂಗಿಗೆ ಅದರದೇ ಮಾತುಗಳಿವೆ. ಅಲ್ಲಿ ಕಾಲನ್ನು ಕಾಲು ಎನ್ನುವುದಿಲ್ಲ, ‘ಮೆಟ್ಟುವಂಥದ್ದು’ ಎನ್ನುತ್ತಾರೆ. ತಲೆಯನ್ನು ‘ಹೊರುವಂಥದ್ದು’ ಎನ್ನುತ್ತಾರೆ. ದಿನದ ಮಾತು ಸತ್ತವರ ಮುಂದೆ ಆಡಲು ಸಣ್ಣದಾಯಿತೇನೋ ಎಂದು ಹಿಂದಿನವರು ಹಾಗೆ ಮಾಡಿಟ್ಟಿರಬೇಕು.

ಆದರೆ ಸತ್ತವನು ಮೀನು ಹಿಡಿಯುವವನಾಗಲಿ, ಶಾಲೆಯ ಮೇಷ್ಟ್ರಾಗಲಿ, ರುಗುನಳ ಹಾಡು ಅರ್ಧ ದಾರಿಯಲ್ಲಿ ತಿರುಗಿ ಅವಳದೇ ಅಂಗಳಕ್ಕೆ ಬರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ನಾಯ್ ಪಿಂತೊರ್, ಅಂದರೆ ಪಿಂತೊರನ ತಾಯಿ, ಆ ತಿರುವು ಬಂದಾಗ ಸೆರಗು ಕೊಡವಿ ಏಳುತ್ತಿದ್ದಳು. “ಸತ್ತೋನ್ದು ಮುಗೀತು, ಇನ್ನು ರುಗುನಂದು ಶುರು. ಕಾಫಿಗೆ ನೀರಿಟ್ಟು ಬರ್ತೀನಿ, ಬರೋಷ್ಟ್ರಲ್ಲಿ ಮೆಟ್ಟಿಲ ಹತ್ರ ಬಂದಿರ್ತಾಳೆ.”

ಮೆಟ್ಟಿಲ ಕಥೆ ಇಷ್ಟು. ಇಪ್ಪತ್ತೆರಡು ವರ್ಷದ ಹಿಂದೆ, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ರುಗುನಳನ್ನು ತವರಿಗೆ ಕಳಿಸಿದರು. ಆಗ ಅವಳಿಗೆ ಇಪ್ಪತ್ತೇಳು. ಬಟ್ಟೆ ಗಂಟು ಹಿಡಿದು ಅಣ್ಣನ ಮನೆಯ ಮೆಟ್ಟಿಲ ಕೆಳಗೆ ನಿಂತಳು. ಅತ್ತಿಗೆ ಲಾಮ್ರಿಯಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದವಳು, “ನಮ್ಮ ಮಡಕೆ ಸಣ್ಣದು” ಅಂದಳು. ಅಣ್ಣ ಬಲೆ ಹೆಣೆಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ರುಗುನ್ ತಿರುಗಿ ಅಂಗಳದಾಚೆಯ ಹಳೆಯ ಭತ್ತದ ಕಣಜಕ್ಕೆ ಹೋಗಿ ಮಲಗಿದಳು. ಅಂದಿನಿಂದ ಅಲ್ಲೇ ಇದ್ದಾಳೆ. ಅಣ್ಣ ಸತ್ತಾಗ ಅವನ ತಲೆಯ ಬಳಿ ಕೂತು ಹಾಡಿದ್ದೂ ಇದನ್ನೇ. ಎದುರಿಗೆ ಕೂತಿದ್ದ ಲಾಮ್ರಿಯಾ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ.

ಸೌಲಿ ಏಣಿ ಹತ್ತಿ ಬಂದು ಬಾಗಿಲಲ್ಲೇ ಕೂತಳು. ಮೂವತ್ತು ತುಂಬದ ಹುಡುಗಿ. ಮೊಣಕಾಲ ಮೇಲೆ ಒಂದು ನೋಟ್‌ಬುಕ್ಕು ಇಟ್ಟುಕೊಂಡಿದ್ದಳು.

“ಶುಕ್ರವಾರದ ಹೆಂಗಸರ ಪ್ರಾರ್ಥನೆ ಈ ಸಲ ಲಾಮ್ರಿಯಾ ಅವರ ಮನೇಲಿ. ಅವರ ಹೊಟ್ಟೇಲಿ ಗಡ್ಡೆ ಇದೆಯಂತೆ. ಸೋಮವಾರ ದೋಣಿ ಹತ್ತಿ ಆಚೆ ದಡದ ಆಸ್ಪತ್ರೆಗೆ ಹೋಗ್ತಾರೆ. ಆಪರೇಷನ್ನು.”

ರುಗುನಳ ಕೈಯಲ್ಲಿದ್ದ ಲಾಳಿ ನಿಂತಿತು. “ಅದಕ್ಕೆ?”

“ಬಾಯಿಬಿಟ್ಟು ಪ್ರಾರ್ಥಿಸೋ ಸರದಿ ನಿಮ್ಮದು.”

“ಬೇರೆಯೋರಿಗೆ ಹಾಕು.”

“ಹಾಕ್ತೀನಿ ಅಂದೆ. ಲಾಮ್ರಿಯಾ ಅವರೇ ಬೇಡ ಅಂದ್ರು. ರುಗುನ್ ಸರದಿ ಅಂದ್ರೆ ರುಗುನೇ ಬರ್ಲಿ ಅಂದ್ರು.”

ರುಗುನ್ ಎದೆಯ ಮೇಲೆ ಅಂಗೈ ಒತ್ತಿಕೊಂಡಳು. ಅಲ್ಲೊಂದು ಹಿಡಿತ ಎಷ್ಟೋ ವರ್ಷದಿಂದ ಇತ್ತು. ಉಸಿರು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಆರೋಗ್ಯ ಕೇಂದ್ರದ ನರ್ಸು ಎರಡು ಸಲ ಕೊಳವೆ ಇಟ್ಟು ನೋಡಿ, ಹೃದಯ ಗಟ್ಟಿಯಾಗಿದೆ, ಹೋಗಿ ಅಂದಿದ್ದಳು.

“ಅದಕ್ಕೂ ಅವತ್ತೇ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸೋಣ ಅಮ್ಮ,” ಅಂದಳು ಸೌಲಿ. “ಎಷ್ಟು ಸಲ ಕರ್ದೆ ನಿಮ್ಮನ್ನ. ಬರೋದೇ ಇಲ್ಲ ನೀವು.”

“ಬಂದು? ವಾಸಿಯಾದ್ರೆ?”

“ಆದ್ರೆ ಒಳ್ಳೇದೇ ಅಲ್ವಾ?”

“ನಿಂಗೊಳ್ಳೇದು. ನಾಳೆ ನಾನು ಎದ್ದು ನಗ್ತಾ ಓಡಾಡಿದ್ರೆ ಅವಳು ಮಾಡಿದ್ದು ಏನೂ ಅಲ್ಲ ಅಂತಾಗುತ್ತೆ. ಊರೋರು ಏನಂತಾರೆ? ‘ನೋಡಿ, ಎಷ್ಟು ಚೆನ್ನಾಗಿದ್ದಾಳೆ, ಸುಮ್ನೆ ಇಪ್ಪತ್ತು ವರ್ಷ ಅತ್ಲು.’ ನನ್ನ ನೋವೊಂದೇ ನಂಗಿರೋ ಸಾಕ್ಷಿ ಕಣೆ.”

ಸೌಲಿ ನೋಟ್‌ಬುಕ್ಕಿನ ಮೂಲೆ ಮಡಿಸಿದಳು.

“ಯೇಸು ಸಮಾಧಿಯಿಂದ ಎದ್ದು ಬಂದಾಗ ಕೈಯಲ್ಲಿ ಮೊಳೆ ಗಾಯ ಹಾಗೇ ಇತ್ತಲ್ವಾ ಅಮ್ಮ? ಅಳಿಸ್ಕೊಂಡು ಬರ್ಲಿಲ್ಲ. ಆದ್ರೆ ಬಾಗ್ಲು ಹಾಕ್ಕೊಂಡು ಕೂತಿದ್ದ ಶಿಷ್ಯರಿಗೆ ಅದನ್ನ ತೋರಿಸಿ, ‘ನಿಮಗೆ ಸಮಾಧಾನವಾಗಲಿ’ ಅಂದ. ನೀವು ನನ್ನ ಬಿಟ್ಟು ಓಡಿದ್ರಿ ಅನ್ನಲಿಲ್ಲ. ವಾಸಿಯಾಗೋದು ಅಂದ್ರೆ ಆಗಿದ್ದು ಆಗಿಲ್ಲ ಅನ್ನೋದಲ್ಲ.”

“ಅವನು ದೇವರ ಮಗ. ನಾನು ಸಣ್ಣ ಮಡಕೆ ಮನೆಯೋಳು.”

“ನೀವು ಗಾಯ ಹಾಡ್ತೀರ ಅಮ್ಮ. ಅವನಿಗೆ ತೋರಿಸಲ್ಲ,” ಅಂದ ಸೌಲಿ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಎದ್ದಳು. “ಶುಕ್ರವಾರ ನಾಲ್ಕು ಗಂಟೆಗೆ.”

ಅವಳು ಹೋದ ಮೇಲೆ ರುಗುನ್ ಒಂದು ಬೆರಳಗಲ ನೇಯ್ದಳು, ಅದರಲ್ಲಿ ಎರಡು ಎಳೆ ತಪ್ಪಿದವು. ಬಿಚ್ಚಿದಳು.

ಲಾಮ್ರಿಯಾ ಯಾಕೆ ಕರೆದಳು? ಇದೊಂದೇ ಪ್ರಶ್ನೆ ಬುಧವಾರವೆಲ್ಲ ಅವಳನ್ನು ಕೊರೆಯಿತು. ಯಾಕೆಂದರೆ ಅವಳ ಹಾಡಿನಲ್ಲಿ ಒಂದು ಸಾಲು ಇರಲಿಲ್ಲ. ಆ ಸಾಲು ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬಳು ಲಾಮ್ರಿಯಾ.

ಆ ದಿನ, ಕಣಜಕ್ಕೆ ಬಂದು ಮಲಗಿದ ಸಂಜೆ, ಲಾಮ್ರಿಯಾ ತಟ್ಟೆ ತುಂಬ ಅನ್ನ ಹಾಕಿ, ಮೇಲೊಂದು ಮೀನಿಟ್ಟು ಏಣಿಯ ಕೆಳಗೆ ಬಂದಿದ್ದಳು. “ತಿನ್ನು” ಅಂದಿದ್ದಳು. ರುಗುನ್ ತಟ್ಟೆ ತೆಗೆದುಕೊಂಡು, ಅವಳು ನೋಡನೋಡುತ್ತಿದ್ದಂತೆ, ಕಣಜದ ಕೆಳಗೆ ಕಟ್ಟಿದ್ದ ಹಂದಿಯ ಮುಂದೆ ಸುರಿದಿದ್ದಳು. ಮರುದಿನವೂ ಲಾಮ್ರಿಯಾ ಬಂದಳು. ಮೂರನೆಯ ದಿನವೂ ಬಂದಳು. ಮೂರು ಸಂಜೆಯೂ ಹಂದಿಗೇ ಹೋಯಿತು. ನಾಲ್ಕನೆಯ ದಿನ ಬರಲಿಲ್ಲ.

ಹಾಡಿಗೆ ಆ ಸಾಲು ಹೊಂದುತ್ತಿರಲಿಲ್ಲ. ಮೊದಲ ಸಲ ಬಿಟ್ಟಾಗ ರುಗುನಳಿಗೆ ಬಿಟ್ಟೆನೆಂದು ಗೊತ್ತಿತ್ತು. ಆಮೇಲೆ ಪ್ರತಿ ಸಾವಿನ ಮನೆಯಲ್ಲೂ ಮೆಟ್ಟಿಲ ಮಾತು ಬಂದಾಗ ಅವಳ ಕಣ್ಣು ಹೆಂಗಸರ ಗುಂಪಿನಲ್ಲಿ ಲಾಮ್ರಿಯಾಳನ್ನು ಹುಡುಕುತ್ತಿತ್ತು. ಈಗ ಹೇಳಿಬಿಡುತ್ತಾಳೆ, ಈಗ ಎದ್ದು, ‘ಅನ್ನ ತಂದುಕೊಟ್ಟಿದ್ದೆನಲ್ಲೇ’ ಅನ್ನುತ್ತಾಳೆ. ಉಸಿರು ಅರ್ಧಕ್ಕೆ ನಿಲ್ಲುತ್ತಿದ್ದದ್ದು ಆಗಲೇ. ಲಾಮ್ರಿಯಾ ಎಂದೂ ಹೇಳಲಿಲ್ಲ. ಮೂರು ಊರಿನವರ ಮುಂದೆ ಇಪ್ಪತ್ತೆರಡು ವರ್ಷ ಬೈಸಿಕೊಂಡಳು, ಹೇಳಲಿಲ್ಲ. ಆ ಸುಮ್ಮನಿರುವಿಕೆಯನ್ನು ರುಗುನ್ ಸೊಕ್ಕು ಎಂದು ಕರೆದಳು.

ಈಗ ಸೋಮವಾರ ಅವಳ ಹೊಟ್ಟೆ ಕೊಯ್ಯುತ್ತಾರೆ. ಅವಳು ಸತ್ತರೆ ಆ ಸಾಲು ಅವಳ ಜೊತೆಗೇ ಹೂತುಹೋಗುತ್ತದೆ. ಗುರುವಾರ ನೀರು ತರುವ ದಾರಿಯಲ್ಲಿ ಈ ಯೋಚನೆ ಬಂದಾಗ ರುಗುನಳ ಮೈ ಒಂದು ಗಳಿಗೆ ಹಗುರಾಯಿತು. ಹಗುರಾದದ್ದು ತಿಳಿದಾಗ ಬಿಂದಿಗೆ ಕೈ ಜಾರಿತು. ಒಬ್ಬಳ ಸಾವಿಗೆ ತಾನು ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟೆನಲ್ಲ! ಭಾನುವಾರ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಪಾಪ ಅರಿಕೆ ಮಾಡುವಾಗ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದ ಸಭೆಯ ಹಿರಿಯನಿಗೊಮ್ಮೆ, “ಮಾಡಿದೋರು ಹೇಳ್ಲಿ, ನಾನು ಮಾಡಿಸಿಕೊಂಡೋಳು” ಅಂದಿದ್ದಳು. ಈಗ ಒದ್ದೆ ಕಲ್ಲಿನ ಮೇಲೆ ಕೂತು, ಉರುಳಿದ ಬಿಂದಿಗೆಯನ್ನು ನೋಡುತ್ತಿದ್ದ ಅವಳಿಗೆ ಆ ಮಾತು ಯಾರೋ ಬೇರೆಯವಳದೆಂಬಂತೆ ಕೇಳಿಸಿತು.

ಹೋಗದೇ ಇದ್ದರಾಯಿತು. ಜ್ವರ ಅಂದರಾಯಿತು. ಶುಕ್ರವಾರ ಮಧ್ಯಾಹ್ನ ನಾಯ್ ಪಿಂತೊರ್ ಬೇಯಿಸಿದ ಮರಗೆಣಸಿನ ಬುಟ್ಟಿ ಹೊತ್ತು ಏಣಿಯ ಕೆಳಗೆ ನಿಂತಳು.

“ಏನೇ, ಬರ್ತೀಯೋ ಇಲ್ವೋ? ಊರೆಲ್ಲ ಪಂತ ಕಟ್ಟಿದೆ. ನಾನು ಬರ್ತಾಳೆ ಅಂದಿದೀನಿ.”

“ಮೈ ಸರಿಯಿಲ್ಲ.”

“ಮೈ ಸರಿಯಿಲ್ಲದೋಳ ಮನೆಗೇ ಹೋಗ್ತಿರೋದು ಕಣೆ. ಜೋಡಿಯಾಗುತ್ತೆ, ಬಾ.”

ಲಾಮ್ರಿಯಾಳ ಮನೆಯ ಒಳಗೆ ಹನ್ನೆರಡು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಕಾಫಿಯ ವಾಸನೆ, ಮೀನಿನ ಮಸಾಲೆಯ ವಾಸನೆ. ಲಾಮ್ರಿಯಾ ಕಂಬಕ್ಕೆ ಒರಗಿ, ಉಲೊಸ್ ಎಂಬ ನೇಯ್ದ ಶಾಲು ಹೊದ್ದು ಕೂತಿದ್ದಳು. ಮುಖ ಒಣಗಿತ್ತು, ಹೊಟ್ಟೆ ಮಾತ್ರ ಬಸುರಿಯದರಂತೆ ಉಬ್ಬಿತ್ತು. ರುಗುನ್ ಈ ಹೊಸ್ತಿಲು ದಾಟಿದ್ದು ಅಣ್ಣ ಸತ್ತ ದಿನವೇ ಕೊನೆ. ಅವಳು ಬಾಗಿಲ ಪಕ್ಕದಲ್ಲೇ ಕೂತಳು, ಎದ್ದು ಹೋಗಲು ಸುಲಭವಾಗಲೆಂದು.

ಹಾಡು ಮುಗಿಯಿತು. ಸೌಲಿ ವಾಕ್ಯ ಓದಿ ಮುಗಿಸಿ ರುಗುನಳ ಕಡೆ ತಲೆಯಾಡಿಸಿದಳು. ಎಲ್ಲರೂ ಕಣ್ಣು ಮುಚ್ಚಿದರು. ಲಾಮ್ರಿಯಾ ಮುಚ್ಚಲಿಲ್ಲ.

“ತಂದೆಯಾದ ದೇವರೇ,” ಅಂದಳು ರುಗುನ್.

ಮುಂದಿನ ಮಾತು ಬರಲಿಲ್ಲ. ಹೊರಗೆ ಕೋಳಿ ಕೆದಕುವ ಸದ್ದು. ಮತ್ತೆ, “ತಂದೆಯಾದ ದೇವರೇ,” ಅಂದಳು. ಗಂಟಲು ತಡಕಾಡಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿಯಿತು. ಧ್ವನಿ ಏರಿ, ನಡುಗಿ, ಕೆಳಗಿಳಿಯಿತು. ಅದು ಅಂದುಂಗ್ ಎಂದು ತಿಳಿಯಲು ಯಾರಿಗೂ ಎರಡನೆಯ ಸಾಲು ಬೇಕಾಗಲಿಲ್ಲ.

ಮುಚ್ಚಿದ್ದ ಕಣ್ಣುಗಳೆಲ್ಲ ಒಟ್ಟಿಗೆ ತೆರೆದವು. ಜೀವ ಇರುವವರಿಗೆ ಅಂದುಂಗ್ ಹಾಡುವುದೆಂದರೆ ಸಾವಿಗೆ ಮನೆಯ ದಾರಿ ತೋರಿಸಿದಂತೆ.

“ಬಾಯ್ಮುಚ್ಚೇ ರುಗುನ್!” ನಾಯ್ ಪಿಂತೊರ್ ಅರ್ಧ ಎದ್ದಳು. “ಸೋಮವಾರ ಹೊಟ್ಟೆ ಕೊಯ್ಸಿಕೊಳ್ಳೋಳ ಮುಂದೆ ಹೆಣದ ಹಾಡು ಹಾಡ್ತೀಯಾ? ಬುದ್ಧಿ ನೆಟ್ಟಗಿದ್ಯಾ?”

“ನಾನು ಬೇಕಂತ... ನಂಗೆ ಬೇರೆ ಬರಲ್ಲ,” ಅಂದಳು ರುಗುನ್. ಏಳಲು ನೋಡಿದಳು.

“ಬಿಡಿ, ಹಾಡ್ಲಿ,” ಅಂದಳು ಲಾಮ್ರಿಯಾ. ಧ್ವನಿ ಸಣ್ಣಗಿದ್ದರೂ ಎಲ್ಲರಿಗೂ ಕೇಳಿಸಿತು. “ಸತ್ಮೇಲೆ ಹಾಡಿದ್ರೆ ನಂಗೇನು ಕೇಳುತ್ತಾ? ನನ್ನ ಬೈಗುಳ ನಾನೇ ಕೇಳ್ಕೊಂಡು ಹೋಗ್ತೀನಿ. ಕೂತ್ಕೋ ಎದಾ, ಹಾಡು.”

ಎದಾ ಎಂಬುದು ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಕರೆಯುವ ಮಾತು. ರುಗುನ್ ಕೂತಳು. ಸೌಲಿ ತಡೆಯಲಿಲ್ಲ.

ಹಾಡು ತನ್ನ ಹಳೆಯ ಹಾದಿಯಲ್ಲೇ ನಡೆಯಿತು. ಬಟ್ಟೆ ಗಂಟು ಬಂತು, ಸುಡುವ ಅಂಗಳ ಬಂತು. ‘ನನ್ನ ಮೆಟ್ಟುವಂಥದ್ದು ನಿನ್ನ ಮೆಟ್ಟಿಲ ಬಳಿ ನಿಂತಿತು.’ ಸಣ್ಣ ಮಡಕೆ ಬಂತು. ಅದಾದ ಮೇಲೆ ಬರಬೇಕಾದದ್ದು ಅವಳಿಗೆ ಹೆಸರು ತಂದ ಸಾಲು, ಕೇಳಿದ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದ ಸಾಲು: ‘ನನ್ನ ಸಿಮಂಗಿದೊ ಬರಿದಾಗಿ ಮರಳಿತು.’

ಅಂದುಂಗಿನಲ್ಲಿ ಕೈಗೆ ಸಿಮಂಗಿದೊ ಎನ್ನುತ್ತಾರೆ. ಬೇಡುವಂಥದ್ದು.

ಆ ಮಾತು ನಾಲಿಗೆಯ ತುದಿಗೆ ಬಂದಾಗ ಅವಳ ಕಣ್ಣು ಲಾಮ್ರಿಯಾಳ ಕೈಯ ಮೇಲಿತ್ತು. ಚಾಪೆಯ ಮೇಲೆ ಅಂಗಾತ ಬಿದ್ದಿದ್ದ, ನೀರು ತುಂಬಿ ಊದಿದ ಕೈ. ಮೂರು ಸಂಜೆ ತಟ್ಟೆ ಹಿಡಿದು ಏಣಿಯ ಕೆಳಗೆ ನಿಂತ ಕೈ. ರುಗುನ್ ತನ್ನ ಕೈ ನೋಡಿಕೊಂಡಳು. ಆ ದಿನ ಮೆಟ್ಟಿಲ ಬಳಿ ಅದು ಬಟ್ಟೆ ಗಂಟಿನ ಮೇಲೆ ಮುಷ್ಟಿಯಾಗಿತ್ತು. ಅದು ಏನನ್ನೂ ಬೇಡಿರಲಿಲ್ಲ. ಅತ್ತಿಗೆಯನ್ನಾಗಲಿ, ಅಣ್ಣನನ್ನಾಗಲಿ, ದೇವರನ್ನಾಗಲಿ. ಬೇಡದ ಕೈ ಬರಿದಾಗಿ ಮರಳಿತು ಎಂದು ಇಪ್ಪತ್ತೆರಡು ವರ್ಷ ಅವಳು ಊರೂರಲ್ಲಿ ಹಾಡಿದ್ದಳು.

ರಾಗ ಅಲ್ಲೇ ಮುರಿಯಿತು. ಹಾಡು ಕೈಬಿಟ್ಟಾಗ ಅವಳಿಗೆ ಉಳಿದದ್ದು ದಿನದ ಮಾತು.

“ಅವಳು ಅನ್ನ ತಂದಿದ್ಲು,” ಅಂದಳು ರುಗುನ್. “ಮೂರು ದಿನ ತಂದ್ಲು. ಮೀನೂ ಇತ್ತು. ನಾನು ಅವಳ ಕಣ್ಮುಂದೇನೇ ಹಂದಿಗೆ ಹಾಕ್ದೆ. ಯಾರಿಗೂ ಹೇಳ್ಲಿಲ್ಲ. ಅವಳು ಸತ್ರೆ ಯಾರಿಗೂ ಗೊತ್ತಾಗಲ್ಲ ಅಂತ ನಿನ್ನೆ ನಂಗೆ ಸಮಾಧಾನ ಆಯ್ತು. ದೇವರೇ, ಅವಳು ಮಾಡಿದ್ದು ಮಾಡಿದ್ದೇ. ಅದು ಸುಳ್ಳಲ್ಲ. ನಾನು ಮಾಡಿದ್ದೂ ಮಾಡಿದ್ದೇ.”

ರುಗುನ್ ಎರಡೂ ಕೈಯನ್ನು ಮಡಿಲಲ್ಲಿ ತೆರೆದಳು. ಬೆರಳುಗಳು ಸುಲಭಕ್ಕೆ ಬಿಚ್ಚಲಿಲ್ಲ.

“ಅವಳನ್ನ ಬದುಕ್ಸು. ನಂಗೆ... ವಾಸಿಯಾಗೋದಂದ್ರೆ ನಂಗೆ ಭಯ. ವಾಸಿಯಾದ್ರೆ ನಾನ್ಯಾರು ಅಂತ ನಂಗೊತ್ತಿಲ್ಲ. ಆದ್ರೂ ಬೇಡ್ತೀನಿ. ವಾಸಿ ಮಾಡು ಯೇಸುವೇ. ಬೇಡ್ತಿದೀನಿ.”

ಸೌಲಿ ಮಂಡಿಯಲ್ಲೇ ಸರಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. ಒಬ್ಬೊಬ್ಬರಾಗಿ ಬಂದರು, ಭುಜದ ಮೇಲೆ, ಬೆನ್ನ ಮೇಲೆ. ನಾಯ್ ಪಿಂತೊರಳ ಕೈ ಮರಗೆಣಸಿನಿಂದ ಇನ್ನೂ ಅಂಟಂಟಾಗಿತ್ತು. ಕೊನೆಗೆ ಚಾಪೆ ಸರಸರನೆಂದಿತು. ಲಾಮ್ರಿಯಾ ಕಂಬ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ತೆವಳಿಕೊಂಡೇ ಬಂದು ರುಗುನಳ ತೆರೆದ ಅಂಗೈಯೊಳಗೆ ತನ್ನ ಊದಿದ ಕೈ ಇಟ್ಟಳು. ಸೌಲಿ ಪ್ರಾರ್ಥಿಸಿದಳು. ದೊಡ್ಡ ಮಾತೇನೂ ಇರಲಿಲ್ಲ. ಕರ್ತನೇ, ನಿನ್ನ ಗಾಯಗಳಿಂದ ಇವರಿಬ್ಬರನ್ನೂ ಗುಣಪಡಿಸು ಅಂದಳು, ಅಷ್ಟನ್ನೇ ಮತ್ತೊಮ್ಮೆ ಅಂದಳು.

ರುಗುನ್ ಅತ್ತಳು. ಊರಿನವರೆಲ್ಲ ಅವಳ ಅಳು ಕೇಳಿದ್ದರು, ಆದರೆ ರಾಗವಿಲ್ಲದ, ಮಾತಿಲ್ಲದ, ಮೂಗು ಸೋರುವ ಈ ಅಳುವನ್ನು ಯಾರೂ ಕೇಳಿರಲಿಲ್ಲ. ಅಳುವಿನ ನಡುವೆ ಎಲ್ಲೋ ಉಸಿರು ತಾನು ನಿಲ್ಲುತ್ತಿದ್ದ ಜಾಗ ದಾಟಿ ಕೆಳಗಿಳಿಯಿತು. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಕತ್ತಲೆಯಲ್ಲಿ ಇದೆಯೆಂದುಕೊಂಡ ಮೆಟ್ಟಿಲು ಇಲ್ಲದಾಗ ಕಾಲು ಬೆಚ್ಚುವಂತೆ.

ಅಳು ಇಳಿದ ಮೇಲೆ ಲಾಮ್ರಿಯಾ ಅಂದಳು: “ಮಡಕೆ ಸಣ್ಣದೇನೂ ಇರ್ಲಿಲ್ಲ ಎದಾ. ನಂಗೆ ಭಯ ಇತ್ತು. ನೀನು ಒಳಗೆ ಬಂದ್ರೆ ನಿನ್ನಣ್ಣ ನಿನ್ನ ಮಾತೇ ಕೇಳ್ತಾನೆ ಅಂತ. ಅದಕ್ಕೇ ಬಾಯಿಗೆ ಬಂದದ್ದು ಅಂದೆ. ನೀನು ಹಾಡಿದ್ದಕ್ಕೆ ನಾನು ಯಾವತ್ತೂ ಎದುರು ಹೇಳ್ಲಿಲ್ಲ, ಯಾಕಂದ್ರೆ ನಾನು ಹಾಗಂದದ್ದು ನಿಜವೇ. ಕ್ಷಮಿಸು.”

“ಒಂದ್ಸಲ ಆದ್ರೂ ಹೇಳ್ಬಾರ್ದಿತ್ತಾ, ಅನ್ನ ತಂದಿದ್ದೆ ಅಂತ?”

“ಹಂದಿ ತಿಂದಿದ್ದನ್ನ ಏನಂತ ಹೇಳ್ಲಿ? ಆದ್ರೆ ಒಂದು ಮಾತು. ಆ ಹಂದಿ ಚೆನ್ನಾಗಿ ಕೊಬ್ಬಿತ್ತು ಕಣೆ. ಕ್ರಿಸ್ಮಸ್‌ಗೆ ಅದನ್ನೇ ಕೊಯ್ದದ್ದು. ನೀನು ಬರ್ಲಿಲ್ಲ, ನಿನ್ನ ಪಾಲು ಇವಳು ತಿಂದ್ಲು.”

“ನಾನಾ?” ಅಂದಳು ನಾಯ್ ಪಿಂತೊರ್. “ಅಯ್ಯೋ ನನ್ನ ಹೆಸ್ರು ಯಾಕೆ ತರ್ತೀರಾ, ಪ್ರಾರ್ಥನೆ ಕೂಟದಲ್ಲಿ!”

ಹೆಂಗಸರು ನಗಲೋ ಬೇಡವೋ ಎಂದು ಸೌಲಿಯ ಮುಖ ನೋಡಿದರು. ಸೌಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆಗ ಎಲ್ಲರೂ ನಕ್ಕರು. ಆದರೆ ಕಾಫಿ ಕುಡಿಯುವಾಗ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ಏನೇ ಆದರೂ ಜೀವ ಇರೋಳ ಮುಂದೆ ಅಂದುಂಗ್ ಹಾಡಿದಳಲ್ಲ, ಅದು ಒಳ್ಳೇದಲ್ಲ ಎಂದದ್ದು ರುಗುನಳಿಗೆ ಕೇಳಿಸಿತು.

ಆ ಮಾತು ಶನಿವಾರವೂ ಅವಳ ಕಿವಿಯಲ್ಲೇ ಇತ್ತು. ಭಾನುವಾರ ಪಾಪ ಅರಿಕೆಯಲ್ಲಿ ಅವಳು ತುಟಿ ಬಿಚ್ಚಿದಳು. ಧ್ವನಿ ಪಕ್ಕದವರಿಗೂ ಕೇಳಿಸುವಷ್ಟಿರಲಿಲ್ಲ, ಆದರೂ ಒಂದೊಂದು ಮಾತೂ ಹೇಳಿದಳು. ಎದೆಯ ಹಿಡಿತ ಪೂರ್ತಿ ಹೋಗಿರಲಿಲ್ಲ. ಬಂದು ಹೋಗಿ ಮಾಡುತ್ತಿತ್ತು. ಬಂದಾಗಲೆಲ್ಲ ಅವಳು ಹಳೆಯ ಕಥೆಯನ್ನು ಮೊದಲಿನಿಂದ ಶುರುಮಾಡುವಳು, ಅನ್ನದ ಸಾಲು ತಲುಪುವಳು, ನಿಲ್ಲಿಸುವಳು. “ಬೇಡ್ತೀನಿ” ಎನ್ನುವಳು. ಅದಕ್ಕಿಂತ ಹೆಚ್ಚಿನ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ಸರೋವರ ಬೂದು ಬಣ್ಣಕ್ಕೆ ತಿರುಗಿ ದಡಕ್ಕೆ ಬಡಿಯುತ್ತಿತ್ತು. ಲಾಮ್ರಿಯಾಳ ಮಗ ತೋಟದ ಕೆಲಸದಿಂದ ರಜೆ ಸಿಕ್ಕಿ ಬರುವುದು ಬುಧವಾರ. ಅಲ್ಲಿಯವರೆಗೆ ಜೊತೆಗೆ ಹೋಗುತ್ತೇನೆಂದಿದ್ದ ನಾಯ್ ಪಿಂತೊರ್ ಮೊಣಕಾಲು ಹಿಡಿದುಕೊಂಡು, ಅಲೆ ನೋಡುತ್ತ ದೋಣಿಗಟ್ಟೆಯ ಮೇಲೆ ನಿಂತುಬಿಟ್ಟಿದ್ದಳು. ದೋಣಿಯವನು ಎರಡು ಸಲ ಹಾರ್ನ್ ಮಾಡಿದ. ಲಾಮ್ರಿಯಾ ಒಬ್ಬಳೇ ಹಲಗೆಯ ಮೇಲೆ ಕೂತು ಗಂಟನ್ನು ಎದೆಗವಚಿಕೊಂಡಿದ್ದಳು.

ರುಗುನ್ ಬೀಳ್ಕೊಡಲು ಬಂದವಳು. ಹೀಗೆ ನಿಂತೇ ಇದ್ದರೆ ದೋಣಿ ಹೋಗುತ್ತದೆ, ಯಾರೂ ತನ್ನನ್ನು ಕರೆಯಲಿಲ್ಲ ಎಂದಾಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಾಗ. ಅಲ್ಲಿ ನಿಲ್ಲುವುದು ಸುಲಭವಿತ್ತು.

“ಎದಾ,” ಅಂದಳು. ಗಾಳಿಗೆ ಕೇಳಿಸಲಿಲ್ಲ. ಜೋರಾಗಿ ಕೂಗಿದಳು, “ಎದಾ! ನಾನು ಬರ್ಲಾ ನಿನ್ಜೊತೆ?”

ಲಾಮ್ರಿಯಾ ತಲೆ ಎತ್ತಿದಳು. “ನೀನು ಬಂದ್ರೆ ಡಾಕ್ಟ್ರು ಹೆದ್ರಿ ಓಡ್ತಾರೆ ಕಣೆ. ಹೆಣದ ಹಾಡಿನೋಳು ಮುಂಚೆನೇ ಬಂದ್ಲು ಅಂತ.”

“ನಿಂಗೆ ಹಾಡೋದೆಲ್ಲ ಶುಕ್ರವಾರನೇ ಹಾಡಿ ಮುಗಿಸ್ದೆ. ನನ್ಹತ್ರ ಇನ್ನೇನೂ ಇಲ್ಲ. ಅದಕ್ಕೇ ನೀನು ಸಾಯೋ ಹಾಗಿಲ್ಲ.”

“ಬಟ್ಟೆ ತಂದಿದ್ಯಾ?”

“ಇಲ್ಲ.”

“ಚಪ್ಲಿ?”

ರುಗುನ್ ಕಾಲು ನೋಡಿಕೊಂಡಳು. ಅದೂ ಇರಲಿಲ್ಲ. ಲಾಮ್ರಿಯಾ ಹಲಗೆಯ ಮೇಲೆ ಒಂಚೂರು ಪಕ್ಕಕ್ಕೆ ಸರಿದಳು.

ದೋಣಿ ದಡ ಬಿಟ್ಟು ನಡುನೀರಿಗೆ ಬಂದಾಗ ಅಲೆ ಮೈಮೇಲೆ ಸಿಡಿಯತೊಡಗಿತು. ಲಾಮ್ರಿಯಾ ಪಕ್ಕದಲ್ಲಿ ಕೂತ ರುಗುನಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

“ಭಯ ಆಗ್ತಿದೆ ಎದಾ,” ಅಂದಳು.

“ನಂಗೂ,” ಅಂದಳು ರುಗುನ್. ಅಂದು, ಆಚೆ ದಡ ಇನ್ನೂ ಕಾಣದಿದ್ದರೂ ಆ ಕಡೆಗೇ ನೋಡುತ್ತ, ನಿಧಾನವಾಗಿ ಒಂದು ಉಸಿರು ತೆಗೆದುಕೊಂಡಳು.